ರೆಕಾರ್ಡರ್‌ನಲ್ಲಿ 500 ಕೋಗಿಲೆ ಸಿಕ್ಕಿತು, ಹಾಗಾದರೆ 500 ಕೋಗಿಲೆ ಇವೆಯಾ?

ಪ್ರಶ್ನೆ: ಅಡಿಕೆ ತೋಟದ ಅಂಚಿನ ಮರಕ್ಕೆ ಆಡಿಯೋಮಾತ್ (ತಾನಾಗಿಯೇ ಸದ್ದು ದಾಖಲಿಸುವ ಸಣ್ಣ ರೆಕಾರ್ಡರ್) ಕಟ್ಟಿದ್ದೆ. ಒಂದು ವಾರದ ರೆಕಾರ್ಡಿಂಗನ್ನು ಹಕ್ಕಿಗಳ ದನಿ ಗುರುತಿಸುವ ಬರ್ಡ್‌ನೆಟ್ ಸಾಫ್ಟ್‌ವೇರ್‌ಗೆ ಹಾಕಿದರೆ ಕೋಗಿಲೆ 500 ಅಂತ ತೋರಿಸಿತು. ನಮ್ಮಲ್ಲಿ ಕೋಗಿಲೆ ಜಾಸ್ತಿಯಾಗಿದೆ ಅಂತ ಹೇಳಬಹುದಾ?

ಉತ್ತರ: ಇಲ್ಲ. ಕೋಗಿಲೆಯ ಬದಲು ಕುಟ್ರು ಹಕ್ಕಿ, ನವಿಲು, ಕಪ್ಪೆ ಅಂತ ಹಾಕಿ ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ಇವತ್ತು ಸ್ವಲ್ಪ ಉದ್ದವಾಗಿಯೇ ಹೇಳಿಬಿಡುತ್ತೇನೆ.

ಮೊದಲನೆಯದಾಗಿ, ಆ 500 ಹಕ್ಕಿಗಳ ಲೆಕ್ಕ ಬಿಡಿ, ಕೂಗಿನ ಲೆಕ್ಕವೂ ಅಲ್ಲ. ಬರ್ಡ್‌ನೆಟ್ ನಿಮ್ಮ ಫೈಲನ್ನು 3 ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತದೆ. ಯಾವ ತುಂಡಿನಲ್ಲಿ ಕೋಗಿಲೆ ಕೇಳಿಸಿತೋ ಅದಕ್ಕೊಂದು ಸಾಲು ಬರೆಯುತ್ತದೆ. ಗಂಡು ಕೋಗಿಲೆ ಕೂಗುವುದನ್ನು ಸ್ಪೆಕ್ಟ್ರೋಗ್ರಾಂನಲ್ಲಿ, ಅಂದರೆ ಸದ್ದಿನ ಏರಿಳಿತ ತೋರಿಸುವ ಚಿತ್ರದಲ್ಲಿ, ನೋಡಿ. ಒಂದೊಂದು ಕುಹೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ಕೂರುತ್ತದೆ, ಆಮೇಲೆ ಸರಕ್ಕನೆ ನಿಲ್ಲುತ್ತದೆ. ಇಡೀ ಏರಿಕೆಗೆ 15 ಸೆಕೆಂಡ್ ಹಿಡಿದರೆ ಪಟ್ಟಿಯಲ್ಲಿ 5 ಸಾಲು. ಒಂದೇ ಹಕ್ಕಿ, ಒಂದೇ ಹಾಡು! ಬೆಳಗಿನಿಂದ ಸಂಜೆವರೆಗೆ ಅದೇ ಕೊಂಬೆಯಲ್ಲಿ ಕೂತು ಕಿರುಚುವ ಒಬ್ಬ ಮಹಾಶಯ ಸಾಕು, ನಿಮ್ಮ 500 ತುಂಬಿಸಲು. ಗ್ರಾಮಸಭೆಯಲ್ಲಿ ಒಬ್ಬನೇ ಹತ್ತು ಸಲ ಎದ್ದು ಮಾತಾಡಿದರೆ ಹತ್ತು ಜನರ ಹಾಜರಿ ಹಾಕುತ್ತೀರಾ?

ಇನ್ನು ಕೂಗದೇ ಇರುವವರ ಕಥೆ. ಆ ಕುಹೂ ಎಲ್ಲ ಗಂಡಿನದು. ಮೈತುಂಬ ಚುಕ್ಕೆ ಇರುವ ಹೆಣ್ಣು ಕಿಕ್-ಕಿಕ್ ಅಂತ ಚುಟುಕಾಗಿ ಕೂಗಿ ಸುಮ್ಮನಾಗುತ್ತದೆ. ಗಂಡಿನ ಗದ್ದಲವೂ ಹೆಚ್ಚಾಗಿ ಯುಗಾದಿಯ ಆಸುಪಾಸಿನಿಂದ ಮಳೆಗಾಲದವರೆಗೆ ಮಾತ್ರ. ಚಳಿಗಾಲದಲ್ಲೂ ಕೋಗಿಲೆ ಇಲ್ಲೇ ಇರುತ್ತದೆ, ಬಾಯಿ ಮುಚ್ಚಿಕೊಂಡು. ಡಿಸೆಂಬರ್‌ನಲ್ಲಿ ಕಡಿಮೆ, ಏಪ್ರಿಲ್‌ನಲ್ಲಿ ಜಾಸ್ತಿ ಅಂತ ನೀವು ಗ್ರಾಫ್ ಹಾಕಿದರೆ ಅದು ಕೋಗಿಲೆಯ ಬಾಯಿಯ ಗ್ರಾಫ್. ಮೇಲಾಗಿ ಜೀರುಂಡೆಗಳು ಶುರುವಾದರೆ ಸ್ಪೆಕ್ಟ್ರೋಗ್ರಾಂಗೆ ಅಡ್ಡಲಾಗಿ ದಪ್ಪ ಪಟ್ಟಿ ಬೀಳುತ್ತದೆ. ಆ ಪಟ್ಟಿಯೊಳಗೆ ಕೂಗಿದ ಸಣ್ಣ ಹಕ್ಕಿ ನಿಮ್ಮ ಪಾಲಿಗೆ ಇಲ್ಲ.

"ಆದರೆ ಸರ್, ಸ್ಕೋರ್ 0.9 ಇದೆಯಲ್ಲ?" ಇದು ಮುಂದಿನ ಮೇಲ್‌ನಲ್ಲಿ ಬರುತ್ತದೆ, ಗೊತ್ತು. ಸ್ಕೋರ್ ಅಂದರೆ ಬರ್ಡ್‌ನೆಟ್ ಪ್ರತಿ ಸಾಲಿನ ಪಕ್ಕ 0ಯಿಂದ 1ರೊಳಗೆ ಕೊಡುವ ಅಂಕ. 0.9 ಅಂದರೆ 90 ಪರ್ಸೆಂಟ್ ಖಾತ್ರಿ ಅಂತ ಅಲ್ಲ. ಒಂದು ಜಾತಿಗೆ 0.3 ಬಂದರೂ ನಂಬಬಹುದು, ಇನ್ನೊಂದಕ್ಕೆ 0.8 ಬಂದರೂ ಅನುಮಾನಿಸಬೇಕು. ಪ್ರತಿ ಜಾತಿಯದ್ದೂ ಒಂದಷ್ಟು ತುಂಡು ಆರಿಸಿ ಕಿವಿಯಿಂದಲೇ ಕೇಳಿ. ಅದರಲ್ಲೂ ಭೀಮರಾಜ ಹಕ್ಕಿ ಇರುವ ಜಾಗದಲ್ಲಿ. ಗಿಡುಗನ ಕೂಗನ್ನೂ ಅನುಕರಿಸುವ ಆಸಾಮಿ ಅದು.

ಹಾಗಾದರೆ ರೆಕಾರ್ಡರ್ ಯಾಕೆ ಬೇಕು? ಯಾವ ಜಾತಿ, ಯಾವ ಜಾಗದಲ್ಲಿ, ಎಷ್ಟು ದಿನ ಕೇಳಿಸಿತು ಅನ್ನುವುದಕ್ಕೆ. 20 ಜಾಗದಲ್ಲಿ ಕಟ್ಟಿ, ಎಷ್ಟು ಜಾಗದಲ್ಲಿ ಕುಟ್ರು ಸಿಕ್ಕಿತು ನೋಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಮರ, ಅದೇ ಸೆಟ್ಟಿಂಗ್. ಇದು ಗಟ್ಟಿ ಲೆಕ್ಕ. ತಲೆ ಎಣಿಸಲೇಬೇಕು ಅಂದರೆ ದಾರಿ ಇದೆ, ಖರ್ಚಿನದು. ಹಲವು ರೆಕಾರ್ಡರ್‌ಗಳ ಗಡಿಯಾರ ಜಿಪಿಎಸ್‌ನಿಂದ ಹೊಂದಿಸಿ, ಒಂದೇ ಕೂಗು ಯಾವುದಕ್ಕೆ ಮೊದಲು ತಲುಪಿತು ನೋಡಿ, ಹಕ್ಕಿ ಕೂತ ಜಾಗ ಹುಡುಕಬೇಕು. ಸದ್ದು 34 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಗಡಿಯಾರ ಅಷ್ಟು ತಪ್ಪಿದರೂ ಕೆಲಸ ಕೆಟ್ಟಿತು.

ಮೆಮೊರಿ ಕಾರ್ಡ್ ಬಗ್ಗೆ ಒಂದೇ ಮಾತು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸಲ ಸದ್ದು ಅಳೆಯುವ ಸೆಟ್ಟಿಂಗ್) ದಿನವಿಡೀ ಓಡಿಸಿದರೆ ದಿನಕ್ಕೆ ಸುಮಾರು 8 ಜಿಬಿ. ಅರ್ಧ ಗಂಟೆಗೆ 5 ನಿಮಿಷ ಇಟ್ಟರೆ ಒಂದೂವರೆ ಜಿಬಿಯೊಳಗೆ ಮುಗಿಯುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯವಿದೆ. ಆ ಡಬ್ಬಿಗೆ ಹಕ್ಕಿ ಯಾವುದು, ಮನುಷ್ಯರು ಯಾರು ಅಂತ ಭೇದವಿಲ್ಲ. ಸೊಪ್ಪಿಗೆ ಬಂದವರ ಮಾತು, ಮನೆ ಜಗಳ, ಫೋನಿನಲ್ಲಿ ಹೇಳಿದ ಸಾಲದ ವಿಚಾರ ಎಲ್ಲ ಅದರೊಳಗೆ. ಕಾರ್ಬೆಟ್ ಹುಲಿ ಅಭಯಾರಣ್ಯದ ಸುತ್ತ ನಡೆದ ಒಂದು ಅಧ್ಯಯನ 2024ರಲ್ಲಿ ಬಂತು. ಅಲ್ಲಿನ ಹೆಂಗಸರು ಹುಲಿ ದೂರವಿರಲಿ ಅಂತ ಕಾಡಿನಲ್ಲಿ ಜೋರಾಗಿ ಹಾಡುತ್ತಾರಂತೆ. ಪ್ರಾಣಿಗಳ ಫೋಟೋ ತಾನಾಗಿಯೇ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಬಂದ ಮೇಲೆ ಯಾರೋ ನೋಡುತ್ತಾರೆ ಅನ್ನುವ ಸಂಕೋಚಕ್ಕೆ ದನಿ ತಗ್ಗಿಸಿದರು. ಹೀಗೆ ದನಿ ತಗ್ಗಿದರೆ ಹುಲಿ ಎದುರಾಗುವ ಅಪಾಯ ಜಾಸ್ತಿ ಅಲ್ವಾ? ಮೈಕ್ ಕಟ್ಟುವವರಿಗೂ ಇದು ಅನ್ವಯಿಸುತ್ತದೆ. ಕಾಲುದಾರಿಯಿಂದ ದೂರ ಕಟ್ಟಿ. ಪಕ್ಕದಲ್ಲಿ ಕನ್ನಡದಲ್ಲೇ ಒಂದು ಚೀಟಿ ಅಂಟಿಸಿ. ಮಾತು ಸಿಕ್ಕ ತುಂಡುಗಳನ್ನು ಅಳಿಸಿ ಹಾಕಿ, ಆಮೇಲೆ ಬೇಕಾದರೆ ಗೆಳೆಯರಿಗೆ ಫೈಲ್ ಕಳಿಸಿ.