ಬಸ್ಸಿಗೆ ಕಾರ್ಡ್ ಬರಲಿ, ಮೊದಲು ಪಾಸಿನ ಲೆಕ್ಕ ಕೂಡಲಿ

ಬೆಂಗಳೂರಿಗೆ ಹೋಗಿ ಮೆಟ್ರೊ ಹತ್ತಿ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ನಮ್ಮ ಬೆಳಗಾವಿ ಸಿಟಿ ಬಸ್‌ನಲ್ಲಿ ಹಾಗೆ ಕಾರ್ಡ್ ತಾಗಿಸಿ ಹೋಗುವುದು ಯಾವಾಗ? ಬಸ್ಸಿನ ಟಿಕೆಟ್ ಮಷಿನ್ ಮತ್ತು ಕಾರ್ಡ್ ವ್ಯವಸ್ಥೆ ನನ್ನ ಹೊಟ್ಟೆಪಾಡಿನ ಕೆಲಸ, ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳುವ ಪಾಳಿ ನನ್ನದೇ. ಪೂರ್ತಿ ಹಣ ಕೊಡುವವರಿಗೆ ಕಾರ್ಡ್ ಮಾಡಿಕೊಡುವುದು ಕಷ್ಟವೇ ಅಲ್ಲ. ಆದರೆ ನಮ್ಮ ಬಸ್ಸಿನಲ್ಲಿ ಪೂರ್ತಿ ಹಣ ಕೊಡುವವರು ಎಷ್ಟು ಜನ?

ಬೆಳಿಗ್ಗೆ ವಡಗಾವಿಯಿಂದ ಸಿಬಿಟಿಗೆ, ಅಂದರೆ ನಗರ ಬಸ್ ನಿಲ್ದಾಣಕ್ಕೆ, ಬರುವ ಒಂದು ಬಸ್ ನೋಡಿ. ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಕಾಲೇಜು ಹುಡುಗರ ಕೈಯಲ್ಲಿ ಪಾಸ್. 60 ದಾಟಿದ ಅಜ್ಜನಿಗೆ ದರದಲ್ಲಿ ಶೇ. 25 ಕಡಿತ. ಅಂಗವಿಕಲರಿಗೆ ಬೇರೆ ಪಾಸ್. 6ರಿಂದ 12 ವರ್ಷದ ಗಂಡು ಹುಡುಗನಿಗೆ ಅರ್ಧ ಟಿಕೆಟ್, ಅವನ ಅಕ್ಕನಿಗೆ ಶೂನ್ಯ, ತೊಡೆಯ ಮೇಲಿನ ಕೂಸಿಗೆ ಟಿಕೆಟ್ಟೇ ಬೇಡ. ಇವರನ್ನೆಲ್ಲ ಬಿಟ್ಟರೆ ಉಳಿಯುವುದು ಉದ್ಯಮಬಾಗಿಗೆ ಕೆಲಸಕ್ಕೆ ಹೊರಟ ನಾಲ್ಕು ಗಂಡಸರು. ಆ ನಾಲ್ಕು ಜನರಿಗಾಗಿ ಕಾರ್ಡ್ ವ್ಯವಸ್ಥೆ ಕಟ್ಟಿ, ಮಿಕ್ಕವರನ್ನು ಆಮೇಲೆ ಸೇರಿಸೋಣ ಅಂತ ಹೊರಟರೆ ಅದು ಕೆಡುತ್ತದೆ. ಕಟ್ಟುವುದೇ ಆದರೆ ಕಡಿಮೆ ಕೊಡುವವರಿಂದ, ಏನೂ ಕೊಡದವರಿಂದ ಶುರು ಮಾಡಬೇಕು.

ಶೂನ್ಯ ಟಿಕೆಟ್‌ನಿಂದಲೇ ಹೇಳುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಆಗಿನಿಂದ ಬಹಳ ಜನ ಕೇಳುತ್ತಾರೆ, ಹಣವೇ ಇಲ್ಲ ಅಂದಮೇಲೆ ಚೀಟಿ ಯಾಕೆ, ಸುಮ್ನೆ ಕಾಗದ ದಂಡ ಅಲ್ವಾ ಅಂತ. ದಂಡ ಅಲ್ಲ. ಪ್ರಯಾಣಿಕರಿಗೆ ಅದು ಶೂನ್ಯ, ಸಾರಿಗೆ ಸಂಸ್ಥೆಗೆ ಶೂನ್ಯ ಅಲ್ಲ. ಯಾವ ಸ್ಟೇಜ್‌ನಿಂದ (ದರ ಲೆಕ್ಕ ಹಾಕುವ ನಿಲುಗಡೆ) ಯಾವ ಸ್ಟೇಜ್‌ಗೆ, ಅಷ್ಟು ದೂರಕ್ಕೆ ಟಿಕೆಟ್ ದರ ಎಷ್ಟಾಗುತ್ತಿತ್ತು ಎಂಬುದು ಮಷಿನ್‌ನಲ್ಲಿ ದಾಖಲಾಗುತ್ತದೆ. ಸರ್ಕಾರದಿಂದ ಸಂಸ್ಥೆ ಹಣ ಕೇಳುವುದು ಆ ಮೊತ್ತದ ಮೇಲೆ. ಅದಕ್ಕೇ ಕಂಡಕ್ಟರ್ ಗದ್ದಲದ ನಡುವೆಯೂ ನುಗ್ಗಿ ಬಂದು, ‘ಅಕ್ಕಾರ, ಎಲ್ಲಿಗ್ರೀ? ಆಧಾರ್ ತೋರಸ್ರಿ’ ಅಂತ ಕೇಳುವುದು. ಗೋಗಟೆ ಸರ್ಕಲ್‌ನಲ್ಲಿ ಇಳಿಯುವವರು ‘ಸಿಬಿಟಿ’ ಅಂದರೆ ಲೆಕ್ಕ ತಪ್ಪುತ್ತದೆ. ಇಳಿಯುವ ಜಾಗ ಸರಿಯಾಗಿ ಹೇಳುವುದು ದುಡ್ಡು ಕೊಟ್ಟಷ್ಟೇ ಮುಖ್ಯ.

ಈಗ ಬಾಗಿಲ ಹತ್ತಿರ ಒಂದು ಕಂಬ ನಿಲ್ಲಿಸಿ, ಅದಕ್ಕೆ ಕಾರ್ಡ್ ತಾಗಿಸಿ ಹತ್ತಿ ಅಂದರೆ ಏನಾಗುತ್ತದೆ? ಹತ್ತಿದ್ದು ಗೊತ್ತಾಗುತ್ತದೆ, ಇಳಿದದ್ದು ಗೊತ್ತಾಗುವುದಿಲ್ಲ. ಲಂಡನ್‌ನಲ್ಲಿ ಈ ತೊಂದರೆ ಇಲ್ಲ, ಯಾಕೆಂದರೆ ಅಲ್ಲಿ ಬಸ್ ದರ ದೂರದ ಮೇಲೆ ಇಲ್ಲ. ಎಲ್ಲಿಗೆ ಹೋದರೂ ಒಂದೇ ದರ, ಹತ್ತುವಾಗ ಒಮ್ಮೆ ತಾಗಿಸಿದರೆ ಮುಗಿಯಿತು. ಅವರು 2012ರ ಡಿಸೆಂಬರ್‌ನಲ್ಲಿ ಬ್ಯಾಂಕ್ ಕಾರ್ಡನ್ನೇ ಬಸ್ಸಿನಲ್ಲಿ ಒಪ್ಪಿಕೊಂಡರು, 2014ರ ಜುಲೈನಲ್ಲಿ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಸಿಂಗಪುರದಲ್ಲಿ ದರ ದೂರದ ಮೇಲೆ ಇದೆ, ಹಾಗಾಗಿ ಇಳಿಯುವಾಗಲೂ ತಾಗಿಸಬೇಕು. ಮರೆತರೆ ಜಾಸ್ತಿ ಹಣ ಹೋಗುತ್ತದೆ. ಕಾಲೇಜು ಬಿಡುವ ಹೊತ್ತಿನಲ್ಲಿ ಆರ್‌ಪಿಡಿ ಕಾಲೇಜಿನ ಹತ್ತಿರ ಬಸ್ಸಿನಿಂದ ಇಳಿದು ನೋಡಿದವರಿಗೆ ಹೇಳಬೇಕಿಲ್ಲ. ಬ್ಯಾಗು ಬಿಡಿಸಿಕೊಂಡು ಇಳಿಯುವುದೇ ಸಾಹಸ, ಅದರಲ್ಲಿ ಕಾರ್ಡ್ ಬೇರೆ ತಾಗಿಸಬೇಕು ಅಂದರೆ ಆಗುವ ಮಾತಲ್ಲ.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ ನಿಲ್ದಾಣಕ್ಕೇ ಗೇಟ್ ಇದೆ. ಟಿಕೆಟ್ ಮೊದಲೇ ಪಡೆದು, ಗೇಟ್ ದಾಟಿ ಬಸ್ ಹತ್ತುತ್ತೀರಿ. ಎರಡು ಊರಿನ ನಡುವೆ ಪ್ರತ್ಯೇಕ ದಾರಿ, ಪ್ರತ್ಯೇಕ ನಿಲ್ದಾಣ ಇರುವುದರಿಂದ ಅದು ನಡೆಯುತ್ತದೆ. ಅನಗೋಳದಲ್ಲೋ ಕಣಬರ್ಗಿಯಲ್ಲೋ ಒಂದು ತಗಡಿನ ಶೆಲ್ಟರ್ ಇದ್ದರೆ ಅದೇ ದೊಡ್ಡದು, ಗೇಟ್ ಎಲ್ಲಿ ಹಾಕುವುದು?

ಹಾಗಾದರೆ ನಮಗೆ ಹೊಂದುವುದು ಯಾವುದು? ನನ್ನ ಮಟ್ಟಿಗೆ ಉತ್ತರ ಕಂಡಕ್ಟರ್ ಕೈಯಲ್ಲಿಯೇ ಇದೆ. ಈಗ ಬರುವ ಟಿಕೆಟ್ ಮಷಿನ್‌ಗಳಲ್ಲಿ ಕಾರ್ಡ್ ಓದುವ ಎನ್‌ಎಫ್‌ಸಿ ಸೌಲಭ್ಯ ಸಿಗುತ್ತದೆ. ಕಾರ್ಡ್ ಕೆಲವು ಸೆಂಟಿಮೀಟರ್ ಹತ್ತಿರ ಬಂದರೆ ಸಾಕು, ಮಷಿನ್‌ನಿಂದಲೇ ಚಿಪ್‌ಗೆ ಕರೆಂಟ್ ಸಿಗುತ್ತದೆ. ಅದಕ್ಕೇ ಕಾರ್ಡ್‌ನಲ್ಲಿ ಬ್ಯಾಟರಿ ಇಲ್ಲ. ಕಂಡಕ್ಟರ್ ಸ್ಟೇಜ್ ಒತ್ತುತ್ತಾರೆ, ನೀವು ತಾಗಿಸುತ್ತೀರಿ. ಹಿಂಡಲಗಾಕ್ಕೆ ಹೊರಟ ಒಂದು ಕುಟುಂಬದಲ್ಲಿ ಅಪ್ಪನಿಗೆ ಪೂರ್ತಿ, ಅಜ್ಜನಿಗೆ ಮುಕ್ಕಾಲು, ಅವ್ವ ಮತ್ತು ಮಗಳಿಗೆ ಶೂನ್ಯ, ಮಗನಿಗೆ ಅರ್ಧ. ಇಷ್ಟನ್ನೂ ಒಂದೇ ಸಲ ಒತ್ತಿ, ಅಪ್ಪನ ಒಂದೇ ಕಾರ್ಡ್‌ನಿಂದ ಹಣ ತೆಗೆಯಬಹುದು. ಬಾಗಿಲ ಕಂಬಕ್ಕೆ ಈ ಜಾಣತನ ಇಲ್ಲ. ಕಂಡಕ್ಟರ್ ಇಲ್ಲದ ಬಸ್ಸೇ ಮುಂದುವರಿದ ಬಸ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ನಮ್ಮ ಕಡೆಯಂತೂ ಇಲ್ಲ.

ಇನ್ನು ಕಾರ್ಡ್ ಯಾವುದು? ಕೇಂದ್ರ ಸರ್ಕಾರ 2019ರ ಮಾರ್ಚ್‌ನಲ್ಲಿ ತಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್, ಎಲ್ಲರೂ ಎನ್‌ಸಿಎಂಸಿ ಅನ್ನುವುದು, ರುಪೇ ಆಧಾರದ್ದು. ಬೆಂಗಳೂರು ಮೆಟ್ರೊದಲ್ಲಿ ಅದು ನಡೆಯುತ್ತದೆ. ಊರಿಗೊಂದು ಕಾರ್ಡ್ ಮಾಡುವ ಬದಲು ಇದನ್ನೇ ಓದುವ ಮಷಿನ್ ಬೇಕು ಎಂಬುದು ನನ್ನ ಹಟ. ಕಾರಣ ಬಾಗಲಕೋಟೆ-ವಿಜಯಪುರ ದಾರಿಯಲ್ಲೇ ಸಿಗುತ್ತದೆ. ಬಾಗಲಕೋಟೆ ಡಿಪೊ ವಾಯವ್ಯ ಸಾರಿಗೆಯದು, ವಿಜಯಪುರದ್ದು ಕಲ್ಯಾಣ ಕರ್ನಾಟಕ ಸಾರಿಗೆಯದು. ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಎರಡೂ ಓಡುತ್ತವೆ. ಪ್ರಯಾಣಿಕರು ಮೊದಲು ಬಂದ ಬಸ್ ಹತ್ತುತ್ತಾರೆ, ಯಾವ ಸಂಸ್ಥೆ ಅಂತ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಕಾರ್ಡ್ ಒಂದರಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ ಬೈಸಿಕೊಳ್ಳುವವರು ಕಂಡಕ್ಟರ್.

ಈ ಕಾರ್ಡ್‌ನಲ್ಲಿ ಜನ ಎಡವುವ ಒಂದು ಜಾಗ ಇದೆ. ಇದರಲ್ಲಿ ಹಣ ಎರಡು ಕಡೆ ಇರುತ್ತದೆ. ಒಂದು ಬ್ಯಾಂಕಿನ ಕಂಪ್ಯೂಟರಿನಲ್ಲಿ, ಇನ್ನೊಂದು ಚಿಪ್‌ನ ಒಳಗೇ. ಮನೆಯ ಟ್ರಂಕಿನಲ್ಲಿ ಇಟ್ಟ ಹಣ ಮತ್ತು ಕಿಸೆಯಲ್ಲಿ ಇಟ್ಟುಕೊಂಡ ಹಣ ಇದ್ದ ಹಾಗೆ. ಬಸ್ಸಿನ ಮಷಿನ್ ನೋಡುವುದು ಕಿಸೆ ಮಾತ್ರ, ಯಾಕೆಂದರೆ ನೆಟ್‌ವರ್ಕ್ ಇಲ್ಲದ ಕಡೆಯೂ ಅದು ಕ್ಷಣದಲ್ಲಿ ಕೆಲಸ ಮಾಡಬೇಕು. ಮೊಬೈಲ್‌ನಿಂದ 500 ರೂಪಾಯಿ ರೀಚಾರ್ಜ್ ಮಾಡಿದರೆ ಅದು ಮೊದಲು ಟ್ರಂಕಿಗೆ ಹೋಗುತ್ತದೆ. ಒಮ್ಮೆ ಕೌಂಟರಿನಲ್ಲೋ ರೀಚಾರ್ಜ್ ಮಷಿನ್‌ನಲ್ಲೋ ಕಾರ್ಡ್ ಇಟ್ಟು ಚಿಪ್‌ಗೆ ತುಂಬಿಸಿಕೊಳ್ಳಬೇಕು. ‘ದುಡ್ಡು ಹಾಕೇನಿ, ಮಷಿನ್ ಇಲ್ಲ ಅಂತೈತಿ’ ಎಂಬ ಜಗಳ ಬಹುಪಾಲು ಇದೇ. ಚಿಪ್‌ನಲ್ಲಿ ಇಡಬಹುದಾದದ್ದು 2,000 ರೂಪಾಯಿವರೆಗೆ. ಕಾರ್ಡ್ ಕಳೆದರೆ ಆ ಹಣದ ಆಸೆ ಬಿಡಬೇಕು, ನಗದು ಕಳೆದಂತೆಯೇ ಲೆಕ್ಕ. ಹಾಗಾಗಿ ವಾರಕ್ಕೆ ಬೇಕಾದಷ್ಟೇ ತುಂಬಿಸಿಕೊಳ್ಳುವುದು ಒಳ್ಳೆಯದು.

ಅದೇ ಚಿಪ್‌ನಲ್ಲಿ ಹಣದ ಪಕ್ಕ ಪಾಸ್ ಬರೆಯಲೂ ಜಾಗ ಇದೆ. ನನಗೆ ಆಸಕ್ತಿ ಇರುವುದು ಅಲ್ಲಿ. ಪಾಸ್ ಯಾವ ಬಗೆ, ಎಲ್ಲಿಂದ ಎಲ್ಲಿಗೆ, ಯಾವ ದಿನದಿಂದ ಯಾವ ದಿನದವರೆಗೆ, ಇಷ್ಟು ಬರೆದರೆ ಸಾಕು. ತಾಗಿಸಿದಾಗ ಮಷಿನ್ ಅದನ್ನು ನೋಡಿ ಹಣ ಮುಟ್ಟದೆ ಬಿಡುತ್ತದೆ. ಕಳೆದುಹೋದ, ರದ್ದಾದ ಪಾಸ್‌ಗಳ ಪಟ್ಟಿಯನ್ನು ಬೆಳಿಗ್ಗೆ ಡಿಪೊದಲ್ಲೇ ಮಷಿನ್‌ಗೆ ಇಳಿಸಿಕೊಂಡರೆ ಅಂಥ ಕಾರ್ಡ್ ಸಿಕ್ಕಿಬೀಳುತ್ತದೆ. ಕೇಳಲು ಚೆಂದ. ಆದರೆ ಚಿಪ್‌ಗೆ ಪಾಸ್ ಗೊತ್ತು, ಹಿಡಿದ ಕೈ ಯಾರದು ಎಂಬುದು ಗೊತ್ತಿಲ್ಲ. ಅದಕ್ಕೆ ಕಾರ್ಡ್ ಮೇಲೆ ಫೋಟೊ ಇರಲೇಬೇಕು, ಕಂಡಕ್ಟರ್ ಕಣ್ಣೂ ಬೇಕು. ಕೆಲವರು ರಿಯಾಯಿತಿ ಕಾರ್ಡ್‌ಗೆ ಬೇರೆ ಸದ್ದು ಇಡೋಣ ಅನ್ನುತ್ತಾರೆ, ಎರಡು ಸಲ ಬೀಪ್ ಅಂದರೆ ಕಂಡಕ್ಟರ್‌ಗೆ ಗೊತ್ತಾಗಲಿ ಅಂತ. ನನಗೆ ಇದು ಸರಿ ಕಾಣುವುದಿಲ್ಲ. ಯಾರು ಎಷ್ಟು ಕೊಟ್ಟರು ಎಂಬುದು ಇಡೀ ಬಸ್ಸಿಗೆ ಕೇಳಬೇಕಿಲ್ಲ. ಪರದೆಯಲ್ಲಿ ತೋರಿಸಿದರೆ ಸಾಕು.

ಕಷ್ಟ ಕೊಡುವುದು ತಾರೀಕು. ಅಂಗವಿಕಲರ ಪಾಸ್ ಕ್ಯಾಲೆಂಡರ್ ವರ್ಷದ್ದು, ಡಿಸೆಂಬರ್ 31ಕ್ಕೆ ಎಲ್ಲರದೂ ಒಟ್ಟಿಗೆ ಮುಗಿಯುತ್ತದೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಹೊಸದು ಪಡೆಯಲು ಸಮಯ ಬೇಕು. ಹಾಗಾಗಿ ಹಳೆಯ ಪಾಸನ್ನೇ ಫೆಬ್ರುವರಿ ಕೊನೆಯವರೆಗೆ ಒಪ್ಪಿಕೊಳ್ಳಿ ಅಂತ ಸುತ್ತೋಲೆ ಬರುವುದು ವಾಡಿಕೆ. ಪರೀಕ್ಷೆ ಮುಂದಕ್ಕೆ ಹೋದಾಗ ವಿದ್ಯಾರ್ಥಿ ಪಾಸ್‌ಗೂ ಹೀಗೇ ಅವಧಿ ಕೊಡುತ್ತಾರೆ. ಕಂಡಕ್ಟರ್ ಸುತ್ತೋಲೆ ಓದುತ್ತಾರೆ, ಪಾಸ್ ನೋಡಿ ‘ಇರ್ಲಿ ಬಿಡ್ರಿ’ ಅನ್ನುತ್ತಾರೆ. ಚಿಪ್ ಓದುವುದಿಲ್ಲ. ಜನವರಿ 1ರ ಬೆಳಿಗ್ಗೆ ಊರುಗೋಲು ಹಿಡಿದವರ ಕಾರ್ಡ್‌ಗೆ ಕೆಂಪು ದೀಪ ಹತ್ತುತ್ತದೆ. ಅವಧಿ ಮುಗಿದ ಪಾಸನ್ನೂ ಇಂತಿಷ್ಟು ದಿನ ಒಪ್ಪು ಎಂದು ಡಿಪೊದಿಂದಲೇ ಮಷಿನ್‌ಗೆ ಹೇಳುವ ದಾರಿ ಸಾಫ್ಟ್‌ವೇರ್‌ನಲ್ಲಿ ಇರಬೇಕು. ಟೆಂಡರ್ ಬರೆಯುವವರು ಬೀಪ್ ಎಷ್ಟು ಮಿಲಿಸೆಕೆಂಡ್‌ಗೆ ಆಗಬೇಕು ಅಂತ ಬರೆಯುತ್ತಾರೆ, ಇದನ್ನು ಬರೆಯುವುದು ಮರೆಯುತ್ತಾರೆ.

ಪಾಸ್ ತಾಗಿಸುವುದರಿಂದ ಸಂಸ್ಥೆಗೆ ಆಗುವ ದೊಡ್ಡ ಲಾಭ ಕಳ್ಳ ಪಾಸ್ ಹಿಡಿಯುವುದಲ್ಲ, ಎಣಿಕೆ. ಈಗ ಹುಡುಗರು ‘ಪಾಸ್’ ಅಂತ ಕೂಗಿ ಕೈ ಎತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಹೆಂಗಸರ ಎಣಿಕೆ ಶೂನ್ಯ ಟಿಕೆಟ್‌ನಲ್ಲಿ ಸಿಗುತ್ತದೆ, ಹುಡುಗರದ್ದು ಎಲ್ಲೂ ಸಿಗುವುದಿಲ್ಲ. ಪೀರನವಾಡಿಯಿಂದ ಎಂಟು ಗಂಟೆಗೆ ಬಾಗಿಲಲ್ಲಿ ಜೋತುಬಿದ್ದು ಬರುವವರು ಎಷ್ಟು ಜನ ಅಂತ ಕಾಗದದಲ್ಲಿ ಇಲ್ಲದಿದ್ದರೆ, ಇನ್ನೊಂದು ಬಸ್ ಬಿಡಿ ಅನ್ನುವ ಅರ್ಜಿಗೆ ಬಲ ಎಲ್ಲಿಂದ ಬರಬೇಕು? ಹಾಗಂತ ಯಾವ ಹುಡುಗ ಯಾವ ದಿನ ಎಲ್ಲಿ ಹತ್ತಿದ ಎಂಬುದನ್ನು ಹೆಸರು ಸಮೇತ ವರ್ಷಗಟ್ಟಲೆ ಇಟ್ಟುಕೊಳ್ಳಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆಚ್ಚಿನ ಕಟ್ಟುಪಾಡು ಹಾಕಿದೆ. ಎಣಿಸಲು ಹೆಸರು ಬೇಕಾಗಿಲ್ಲ. ತಲೆ ಎಣಿಸಿ, ಹೆಸರು ಅಳಿಸಿ.

ಬೆಳಗಾವಿಗೆ ಇನ್ನೊಂದು ವಿಶೇಷ ಉಂಟು, ಗಡಿ. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ, ರಾಜ್ಯದ ಒಳಗಿನ ಓಡಾಟಕ್ಕೆ. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್‌ನಿಂದ ಅಲ್ಲಿಯ ಎಸ್‌ಟಿ ಬಸ್‌ನಲ್ಲಿ ಹೆಂಗಸರಿಗೆ ಅರ್ಧ ದರ ಇದೆ, ಅದು ಅವರ ಗಡಿಯ ಒಳಗೆ. ಚಂದಗಡದಿಂದಲೋ ಗಡಹಿಂಗ್ಲಜದಿಂದಲೋ ಬೆಳಗಾವಿಗೆ ಸೊಸೆಯಾಗಿ ಬಂದವಳ ಆಧಾರ್‌ನಲ್ಲಿ ತವರಿನ ವಿಳಾಸವೇ ಇದ್ದರೆ, ಸಿಟಿ ಬಸ್‌ನಲ್ಲಿ ಪಕ್ಕದ ಸೀಟಿನ ಅತ್ತೆಗೆ ಶೂನ್ಯ, ಸೊಸೆಗೆ ಪೂರ್ತಿ ಟಿಕೆಟ್. ಯಾವ ಕಾರ್ಡ್ ಬಂದರೂ ಇದು ತಾನಾಗಿ ಸರಿಹೋಗುವುದಿಲ್ಲ. ಯೋಜನೆಯ ಆದೇಶದಲ್ಲೇ ಮುಂದೆ ಸ್ಮಾರ್ಟ್ ಕಾರ್ಡ್ ಕೊಡುವ ಮಾತಿತ್ತು. ಅಂಥ ಕಾರ್ಡ್‌ಗೂ ವಿಳಾಸದ ದಾಖಲೆಯೇ ಬುಡ.

ಅದಕ್ಕೆ ಸೊಸೆಯ ಹೆಸರಿನಲ್ಲಿ ಕರೆಂಟ್ ಬಿಲ್ ಇಲ್ಲ, ಮನೆ ಪತ್ರ ಇಲ್ಲ ಅಂತ ಕೈಬಿಡಬೇಡಿ. ಆಧಾರ್‌ನಲ್ಲಿ ಕುಟುಂಬದ ಮುಖ್ಯಸ್ಥರ ವಿಳಾಸವನ್ನೇ ಪಡೆಯುವ ದಾರಿ 2023ರಿಂದ ಇದೆ. ಸಂಬಂಧ ತೋರಿಸುವ ಒಂದು ದಾಖಲೆ ಬೇಕು, ಮದುವೆ ಪ್ರಮಾಣಪತ್ರ ಅಥವಾ ಅವಳ ಹೆಸರಿರುವ ರೇಷನ್ ಕಾರ್ಡ್ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಕೋರಿಕೆ ಹಾಕಿದ ಮೇಲೆ ಮುಖ್ಯಸ್ಥರು ತಮ್ಮ ಆಧಾರ್‌ನಿಂದ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಎಷ್ಟೋ ಅರ್ಜಿ ಬೀಳುವುದು ಇಲ್ಲೇ, ಗಂಡನೋ ಮಾವನೋ ಆ ಸಂದೇಶ ನೋಡಿಯೇ ಇರುವುದಿಲ್ಲ.

ಯುಪಿಐ ಬಗ್ಗೆ ಎರಡು ಮಾತು, ಯಾಕೆಂದರೆ ಇವತ್ತು ಕೈಯಲ್ಲಿರುವುದು ಅದು. ಕಂಡಕ್ಟರ್ ಕೊರಳಿಗೆ ನೇತುಹಾಕಿದ ಅಚ್ಚಿನ ಕ್ಯೂಆರ್ ಮತ್ತು ಮಷಿನ್ ಪರದೆಯ ಮೇಲೆ ಮೂಡುವ ಕ್ಯೂಆರ್ ಒಂದೇ ಅಲ್ಲ. ಪರದೆಯದರಲ್ಲಿ ಮೊತ್ತ ತಾನೇ ಬರುತ್ತದೆ, ಹಣ ತಲುಪಿದ್ದು ಮಷಿನ್‌ಗೇ ತಿಳಿಯುತ್ತದೆ. ಅಚ್ಚಿನದರಲ್ಲಿ ‘ಹೋಗೇತ್ರಿ’, ‘ಬಂದಿಲ್ರಿ’ ಅಂತ ಇಬ್ಬರೂ ಮೊಬೈಲ್ ನೋಡುತ್ತ ನಿಲ್ಲಬೇಕು. ಸಣ್ಣ ಮೊತ್ತಕ್ಕೆ ಯುಪಿಐ ಲೈಟ್ ಇಟ್ಟುಕೊಂಡರೆ ಪಿನ್ ಒತ್ತುವ ಕೆಲಸ ತಪ್ಪುತ್ತದೆ. ಖಾತೆಯಿಂದ ಹಣ ಹೋಗಿ ಟಿಕೆಟ್ ಬರದಿದ್ದರೆ ಕಂಡಕ್ಟರ್ ಜೊತೆ ವಾದ ಮಾಡಿ ಫಲವಿಲ್ಲ, ಅವರ ಕೈಗೆ ಆ ಹಣ ಬಂದಿರುವುದಿಲ್ಲ. ಬೇರೆ ರೀತಿಯಲ್ಲಿ ಟಿಕೆಟ್ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಹಣ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಬೇಕು. ಬರದಿದ್ದರೆ ಹಣ ಕಳಿಸಿದ ಆ್ಯಪ್‌ನಲ್ಲಿಯೇ ಆ ವಹಿವಾಟಿನ ಮೇಲೆ ದೂರು ಹಾಕಿ, ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಗದು ತೆಗೆಯುವ ಮಾತು ಈಗಲೇ ಬೇಡ. ಯಳ್ಳೂರಿನಿಂದ ಕಾಯಿಪಲ್ಲೆ ಬುಟ್ಟಿ ತರುವ ಅಜ್ಜನ ಹತ್ತಿರ ಹತ್ತರ ನೋಟು ಇರುತ್ತದೆ, ಆ್ಯಪ್ ಇರುವುದಿಲ್ಲ. ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಪದ್ಧತಿ ಇನ್ನೂ ಬಹಳ ಕಾಲ ಇರುತ್ತದೆ. ಇಳಿಯುವಾಗ ಕೇಳಿ ತೆಗೆದುಕೊಳ್ಳಿ. ಅಜ್ಜ 60 ದಾಟಿದವರಾದರೆ ಗುರುತಿನ ಚೀಟಿಯನ್ನು ಟಿಕೆಟ್ ಹರಿಯುವ ಮೊದಲೇ ತೋರಿಸಲಿ. ಮಷಿನ್‌ನಲ್ಲಿ ಹಿರಿಯರ ದರಕ್ಕೆ ಬೇರೆ ಬಟನ್ ಒತ್ತಬೇಕು, ಟಿಕೆಟ್ ಹೊರಬಂದ ಮೇಲೆ ಕೇಳಿದರೆ ಕಂಡಕ್ಟರ್‌ಗೆ ಅದನ್ನು ತಿದ್ದುವುದು ತಲೆನೋವು.