ಸಮುದ್ರದ ಪಕ್ಕದ ಮನೆಗೆ ಸ್ವೆಟರ್ ಏಕೆ?

ಪ್ರಶ್ನೆ: ನಮ್ಮ ಮಗ, ಸೊಸೆ ಒಂಬತ್ತು ವರ್ಷ ಸಿಂಗಪುರದಲ್ಲಿದ್ದು ಈಗ ಆಸ್ಟ್ರೇಲಿಯಾದ ಪರ್ತ್ ನಗರದ ಹೊರವಲಯದಲ್ಲಿ, ಸಮುದ್ರಕ್ಕೆ ಹತ್ತಿರದ ಬಡಾವಣೆಯೊಂದಕ್ಕೆ ಮನೆ ಬದಲಿಸುತ್ತಿದ್ದಾರೆ. ಜೂನ್‌ನಲ್ಲಿ ನಾವಿಬ್ಬರೂ ಹೋಗಿ ಮೂರು ತಿಂಗಳು ಇದ್ದು ಬರುವುದೆಂದು ನಿಶ್ಚಯವಾಗಿದೆ. ಸೊಸೆ ಸ್ವೆಟರ್, ಶಾಲು ತನ್ನಿ ಎನ್ನುತ್ತಾಳೆ. ಕರಾವಳಿಯಲ್ಲವೇ, ಮಂಗಳೂರಿನಂತೆ ಸೆಕೆ ಇರುವುದಿಲ್ಲವೇ? ಏನೇನು ಒಯ್ಯಬೇಕು?
— ಹಾಸನದ ಓದುಗರೊಬ್ಬರು

ಉತ್ತರ: ನಿಮ್ಮ ಸೊಸೆ ಹೇಳಿದ್ದು ಸರಿ. ಸ್ವೆಟರ್ ಒಯ್ಯಿರಿ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಈ ವರ್ಷ ಈ ಪ್ರಶ್ನೆ ನನ್ನ ಬಳಿಗೆ ಬಂದಿರುವುದು ಇದು ಆರನೆಯ ಸಲ. ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವಾಗ ಇಬ್ಬರು ಕೇಳಿದರು. ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದರು. ಸಕಲೇಶಪುರದ ನನ್ನ ಷಡ್ಡಕರು ಫೋನಿನಲ್ಲಿ ಕೇಳಿದರು, ಉತ್ತರವನ್ನು ಪೂರ್ತಿ ಆಲಿಸಿದರು, ‘ಹೌದೇ, ಹೌದೇ’ ಎಂದರು, ಆಮೇಲೆ ನಾಲ್ಕು ಹತ್ತಿಯ ಅಂಗಿ ತುಂಬಿಕೊಂಡು ವಿಮಾನ ಹತ್ತಿದರು. ಮೊದಲ ವಾರವೇ ಮೊಮ್ಮಗನ ಶಾಲೆಯ ಜಾಕೆಟ್ ತೊಟ್ಟು ಅವರು ತೆಗೆಸಿಕೊಂಡ ಫೋಟೋ ನನ್ನ ಮೊಬೈಲಿನಲ್ಲಿದೆ. ಜಿಪ್ ಮೇಲೇರಿಲ್ಲ.

ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ನನ್ನ ಮಗಳೂ ಸಿಂಗಪುರದಿಂದ ಅದೇ ಪರ್ತ್‌ಗೆ ಹೋದವಳು. ಅಲ್ಲದೆ ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು. ಬೋರ್ಡಿನ ಮೇಲೆ ಎಳೆದ ಅಕ್ಷಾಂಶದ ಗೆರೆಗಳಿಗೆ ಲೆಕ್ಕವಿಲ್ಲ. ಅಂದು ಅವನ್ನು ನೋಡಿ ನಕಲು ಮಾಡಿಕೊಂಡ ಹುಡುಗರೇ ಇಂದು ತಲೆ ನರೆತು ಎದುರು ನಿಂತು, ‘ಸಮುದ್ರದ ಪಕ್ಕ ಚಳಿಯೇ ಸಾರ್?’ ಎನ್ನುತ್ತಾರೆ.

ಈ ನಂಬಿಕೆ ಎಲ್ಲಿ ಹುಟ್ಟಿತೆಂಬುದು ನನಗೆ ಗೊತ್ತು. ಹಾಸನದವರಿಗೆ ಸಮುದ್ರವೆಂದರೆ ಘಟ್ಟದ ಕೆಳಗಿನದು. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ. ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದವರು ಎದ್ದು ಕಿಟಕಿ ಸರಿಸುತ್ತಾರೆ. ಮಂಗಳೂರು ಮುಟ್ಟುವ ವೇಳೆಗೆ ಕರವಸ್ತ್ರ ಹಿಂಡುವಂತಾಗಿರುತ್ತದೆ. ಹಾಸನ, ಮಂಗಳೂರು ಎರಡೂ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲೇ. ಸೂರ್ಯ ಎರಡೂ ಊರುಗಳಿಗೆ ಒಂದೇ ಓರೆಯಲ್ಲಿ ಬೀಳುತ್ತಾನೆ. ನಾವು ಅರ್ಧ ಮೈಲಿಗೂ ಹೆಚ್ಚು ಎತ್ತರದಲ್ಲಿ ಕೂತಿದ್ದೇವೆ, ಅವರು ಕಡಲಿನ ಮಟ್ಟದಲ್ಲಿದ್ದಾರೆ, ಆದ್ದರಿಂದ ನಮಗೆ ತಂಪು, ಅವರಿಗೆ ಸೆಕೆ. ಚಿಕ್ಕಂದಿನಿಂದ ಇದನ್ನೇ ನೋಡಿದ ನಾವು, ಮೇಲಿದ್ದರೆ ತಂಪು, ಸಮುದ್ರವಿದ್ದರೆ ಬೆವರು ಎಂದು ಸೂತ್ರ ಕಟ್ಟಿಕೊಂಡೆವು. ಶಿರಾಡಿ, ಚಾರ್ಮಾಡಿಗಳ ಮಟ್ಟಿಗೆ ಸೂತ್ರ ನಿಜ. ಅದನ್ನು ವಿಮಾನದಲ್ಲಿ ಆರು ಸಾವಿರ ಕಿಲೋಮೀಟರ್ ಹೊತ್ತುಕೊಂಡು ಹೋಗುವುದು ತಪ್ಪು.

ಸಮುದ್ರ ಸೆಕೆಯನ್ನು ತಯಾರಿಸುವುದಿಲ್ಲ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ದಡದ ಊರುಗಳಲ್ಲಿ ಬಿಸಿ, ಚಳಿಗಳ ಏರಿಳಿತ ಕಡಿಮೆ. ಅದು ಮಾಡುವುದು ಅಷ್ಟೇ ಕೆಲಸ. ಎಷ್ಟು ಬಿಸಿ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಆ ಊರು ಸಮಭಾಜಕ ವೃತ್ತದಿಂದ ಎಷ್ಟು ದೂರವಿದೆ ಎನ್ನುವುದು. ರಷ್ಯಾದ ವ್ಲಾಡಿವೊಸ್ಟಾಕ್ ಕೂಡ ಬಂದರೇ. ಅಲ್ಲಿ ಚಳಿಗಾಲದಲ್ಲಿ ಕೊಲ್ಲಿಯ ನೀರು ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಹತ್ತಿಯ ಅಂಗಿಯಲ್ಲಿ ಹೋಗುತ್ತೀರಾ? ಸಿಂಗಪುರ ಸಮಭಾಜಕ ವೃತ್ತಕ್ಕೆ ಒಂದೂಕಾಲು ಡಿಗ್ರಿಯಷ್ಟೇ ದೂರ. ವರ್ಷವಿಡೀ ಒಂದೇ ಹವೆ, ಒಂದೇ ಬೆವರು, ಹಗಲು ಇರುಳು ಸರಿಸಮ. ಪರ್ತ್ ಇರುವುದು ದಕ್ಷಿಣಕ್ಕೆ 32 ಡಿಗ್ರಿಯಲ್ಲಿ. ಉತ್ತರಕ್ಕೆ ಅಷ್ಟೇ ದೂರ ಅಳೆದರೆ ನೀವು ಪಂಜಾಬಿನ ಉತ್ತರದ ತುದಿಯ ಹತ್ತಿರ, ಜಮ್ಮುವಿನ ಹೊಸ್ತಿಲಲ್ಲಿರುತ್ತೀರಿ. ಜಮ್ಮುವಿಗೆ ಪೌಷ ಮಾಸದಲ್ಲಿ ಹೊರಟರೆ ಸ್ವೆಟರ್ ಬೇಕೇ ಎಂದು ಯಾರೂ ನನ್ನನ್ನು ಕೇಳುವುದಿಲ್ಲ.

ಈ ಮಾತು ಒಪ್ಪಿದವರೂ ಮುಂದಿನ ಹೆಜ್ಜೆಯಲ್ಲಿ ಜಾರುತ್ತಾರೆ. ‘ಜೂನ್‌ನಲ್ಲಿ ಅಲ್ಲಿ ಮಳೆಗಾಲವಂತೆ, ಹಾಗಾದರೆ ಮುಂಗಾರೇ ಅಲ್ಲವೇ?’ ಎನ್ನುತ್ತಾರೆ. ಇದು ನಿಜಕ್ಕೂ ಮೋಸಗೊಳಿಸುವ ಹೋಲಿಕೆ. ಎರಡೂ ಪಶ್ಚಿಮ ಕರಾವಳಿಗಳು. ಎರಡೂ ಕಡೆ ಸೂರ್ಯ ಕಡಲಲ್ಲಿ ಮುಳುಗುತ್ತಾನೆ. ಎರಡಕ್ಕೂ ತಾಗಿರುವುದು ಹಿಂದೂ ಮಹಾಸಾಗರದ ನೀರೇ. ಮಂಗಳೂರಿನ ಬೆನ್ನಿಗೆ ಪಶ್ಚಿಮ ಘಟ್ಟ ನಿಂತಂತೆ ಪರ್ತ್‌ನ ಬೆನ್ನಿಗೂ ಡಾರ್ಲಿಂಗ್ ಬೆಟ್ಟಸಾಲಿದೆ. ನಮ್ಮ ಮುಳ್ಳಯ್ಯನಗಿರಿ ನೋಡಿದವರು ಅದನ್ನು ಬೆಟ್ಟವೆನ್ನಲು ಹಿಂಜರಿದಾರು, ಆದರೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಎರಡೂ ಕಡೆ ಮಳೆ. ಇಷ್ಟೆಲ್ಲ ಹೊಂದಿದ ಮೇಲೆ ಹವೆಯೂ ಹೊಂದಲೇಬೇಕು ಎಂದು ಮನಸ್ಸು ಹೇಳುತ್ತದೆ.

ಕಾರಣ ಮಾತ್ರ ಪೂರ್ತಿ ತಿರುವುಮುರುವು. ನಮ್ಮ ಮುಂಗಾರು ಬೇಸಿಗೆಯ ಮಳೆ: ನೆಲ ಕಾದು, ಬೆಚ್ಚಗಿನ ಕಡಲಿನ ತೇವದ ಗಾಳಿ ಒಳಗೆ ನುಗ್ಗಿ, ಘಟ್ಟಕ್ಕೆ ತಡೆದು ಸುರಿಯುವಂಥದ್ದು. ಪರ್ತ್‌ನದು ಚಳಿಗಾಲದ ಮಳೆ. ಆ ಅಕ್ಷಾಂಶದಲ್ಲಿ ಗಾಳಿ ಮೇಲಿನಿಂದ ಕೆಳಗಿಳಿಯುವ ಅಧಿಕ ಒತ್ತಡದ ಪಟ್ಟಿಯೊಂದು ಭೂಮಿಯನ್ನು ಸುತ್ತಿದೆ. ಕೆಳಗಿಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಡಿಸೆಂಬರ್, ಜನವರಿಗಳಲ್ಲಿ ಆ ಪಟ್ಟಿ ದಕ್ಷಿಣಕ್ಕೆ ಸರಿದು ಪರ್ತ್‌ನ ನೆತ್ತಿಯ ಮೇಲೆ ಮುಚ್ಚಳದಂತೆ ಕೂರುತ್ತದೆ. ಆಗ ತಿಂಗಳುಗಟ್ಟಲೆ ಹನಿ ಬೀಳುವುದೇ ಅಪರೂಪ. ಜೂನ್‌ನಲ್ಲಿ ಪಟ್ಟಿ ಉತ್ತರಕ್ಕೆ ಸರಿದಾಗ ದಕ್ಷಿಣ ಧ್ರುವದ ದಿಕ್ಕಿನ ತಣ್ಣನೆಯ ಸಾಗರದಿಂದ ಚಳಿಗಾಳಿ, ಮಳೆ ಎರಡೂ ಜೊತೆಯಾಗಿ ಬಂದು ಅಪ್ಪಳಿಸುತ್ತವೆ. ಮೆಡಿಟರೇನಿಯನ್ ಹವೆ ಎಂದು ಒಂಬತ್ತನೆಯ ತರಗತಿಯಲ್ಲಿ ಉರು ಹೊಡೆದದ್ದು ಇದನ್ನೇ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೂ ಇದೇ ಹವೆ. ಪರ್ತ್‌ನಲ್ಲಿ ವರ್ಷಕ್ಕೆ ಸುಮಾರು 730 ಮಿಲಿಮೀಟರ್ ಮಳೆ. ಮಂಗಳೂರಿನಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಜುಲೈನಲ್ಲಿ ಅಲ್ಲಿ ಹಗಲಿನ ಗರಿಷ್ಠ ಸರಾಸರಿ 18–19 ಡಿಗ್ರಿ, ರಾತ್ರಿ 8ರ ಸುಮಾರು. ‘ಅಷ್ಟೇನಾ? ನಮ್ಮ ಮಾಗಿಯ ಚಳಿ ಕಂಡಿಲ್ಲವೇ?’ ಎಂದು ಚಿಕ್ಕಮಗಳೂರಿನವರು ಮೀಸೆ ತಿರುವಬಹುದು. ನಿಲ್ಲಿ. ನಮ್ಮಲ್ಲಿ ಬೆಳಗಿನ ಮಂಜು ಎಷ್ಟೇ ದಟ್ಟವಾಗಿದ್ದರೂ ಹತ್ತು ಗಂಟೆಗೆ ಜಗಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳಬಹುದು. ಅಲ್ಲಿ ಮೋಡ ಕವಿದ ದಿನ ಸಂಜೆಯವರೆಗೂ ಮೈ ಬೆಚ್ಚಗಾಗುವುದಿಲ್ಲ, ಐದೂಕಾಲು, ಐದೂವರೆಗೆ ಕತ್ತಲು. ಅನೇಕ ಮನೆಗಳು ಬೇಸಿಗೆಯ ಬಿಸಿ ತಡೆಯುವುದನ್ನೇ ನೆನೆದು ಇಟ್ಟಿಗೆಯ ಜೋಡಿ ಗೋಡೆ, ಟೈಲ್ಸ್ ನೆಲ ಹಾಕಿ ಕಟ್ಟಿದಂಥವು. ಜುಲೈನಲ್ಲಿ ಆ ನೆಲದ ಮೇಲೆ ಬರಿಗಾಲಿಟ್ಟರೆ ಹೊರಗಿಗಿಂತ ಒಳಗೇ ಹೆಚ್ಚು ಚಳಿ ಎನಿಸುತ್ತದೆ. ಸ್ವೆಟರ್ ಜೊತೆಗೆ ಕಾಲುಚೀಲ ಒಯ್ಯಿರಿ ಎಂದು ನಾನು ಹೇಳಿದ್ದನ್ನು ಇದುವರೆಗೆ ಒಬ್ಬರೂ ಕಿವಿಗೆ ಹಾಕಿಕೊಂಡಿಲ್ಲ.

ಹಾಗಾದರೆ ಪರ್ತ್ ಬೆಚ್ಚಗಿನ ಊರೆಂದು ಎಲ್ಲರೂ ಹೇಳುವುದೇಕೆ? ಹೇಳುವವರು ಯಾರೆಂದು ನೋಡಿ. ಲಂಡನ್ನಿನಿಂದ ಹೋದವರಿಗೆ ಅದು ಸ್ವರ್ಗ. ಬೇಸಿಗೆಯಲ್ಲಂತೂ ಬಿಸಿ ನಿಜವಾದ ಬಿಸಿಯೇ. ಸರಾಸರಿ ಗರಿಷ್ಠ 31–32 ಡಿಗ್ರಿ, ಕೆಲವು ದಿನ 40 ದಾಟುತ್ತದೆ. ಆದರೆ ಆ ಬಿಸಿಯೂ ಮಂಗಳೂರಿನದಲ್ಲ. ಬೆಳಗ್ಗೆ ಮರುಭೂಮಿಯ ಕಡೆಯಿಂದ ಒಣಗಾಳಿ. ಮಧ್ಯಾಹ್ನದ ಮೇಲೆ ಕಡಲಿನಿಂದ ತಂಗಾಳಿ. ಈ ತಂಗಾಳಿಗೆ ಅಲ್ಲಿನವರು, ಪಕ್ಕದ ಬಂದರು ಊರಿನ ಹೆಸರು ಸೇರಿಸಿ, ‘ಫ್ರೀಮ್ಯಾಂಟಲ್ ಡಾಕ್ಟರ್’ ಎಂದು ಹೆಸರಿಟ್ಟಿದ್ದಾರೆ. ಬಂದ ಕೂಡಲೇ ಜೀವ ಬರುತ್ತದೆ, ಹೆಸರು ತಕ್ಕದ್ದೇ. ನಮ್ಮ ಅರಸೀಕೆರೆಯ ಬೇಸಿಗೆಗೆ ಸಂಜೆ ನಾಲ್ಕಕ್ಕೆ ಯಾರೋ ಸಮುದ್ರ ತಂದು ಜೋಡಿಸಿದರೆ ಹೇಗೋ ಹಾಗೆ.

ಸ್ವೆಟರಿನ ಮಾತು ಸಾಕು. ನಿಜವಾಗಿ ನೀವು ಚಿಂತಿಸಬೇಕಾದದ್ದು ಬೇರೆ ಇದೆ. ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್, ಜನ 60 ಲಕ್ಷ. ನಮ್ಮ ಹಾಸನ ಜಿಲ್ಲೆ ಅದರ ಒಂಬತ್ತು ಪಟ್ಟು ದೊಡ್ಡದು. 2011ರ ಜನಗಣತಿಯಲ್ಲಿ ನಾವು 18 ಲಕ್ಷವೂ ಇರಲಿಲ್ಲ. ಅಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಸರ್ಕಾರಿ ಮಂಡಳಿ ಕಟ್ಟಿದ ಬಹುಮಹಡಿ ಮನೆಗಳಲ್ಲಿದ್ದಾರೆ. ಲಿಫ್ಟ್ ಇಳಿದರೆ ಕಾಫಿ, ತರಕಾರಿ, ಬಸ್ಸು, ಮೆಟ್ರೊ. ಸಿಂಗಪುರಕ್ಕೆ ಹೋದಾಗ ನಾವಿಬ್ಬರೂ ಯಾರನ್ನೂ ಕಾಯದೆ ಸೆರಂಗೂನ್ ರಸ್ತೆಗೆ ಹೋಗಿ ಹೂವು, ವೀಳ್ಯದೆಲೆ ತರುತ್ತಿದ್ದೆವು. ಪರ್ತ್ ಹಾಗಲ್ಲ. ಕಡಲಿನುದ್ದಕ್ಕೂ ಉತ್ತರ–ದಕ್ಷಿಣವಾಗಿ ನೂರು ಕಿಲೋಮೀಟರಿಗೂ ಹೆಚ್ಚು ಹರಡಿದ ಊರು. ಬಡಾವಣೆಯ ಬೀದಿಯಲ್ಲಿ ಹಗಲು ಹನ್ನೊಂದಕ್ಕೆ ನಿಂತರೆ ಮನುಷ್ಯರ ಸುಳಿವಿಲ್ಲ, ಕಾಗೆ ಮಾತ್ರ. ಅದರ ಕೂಗೂ ನಮ್ಮ ಕಾಗೆಯಂತಿಲ್ಲ. ನಮ್ಮ ಮಗಳ ಮನೆಯಿಂದ ಹಾಲು ತರಬೇಕೆಂದರೂ ಕಾರು ಬೇಕು. ಸಿಂಗಪುರದಲ್ಲಿ ಕಾರು ಕೊಳ್ಳುವ ಹಕ್ಕುಪತ್ರಕ್ಕೇ ಹರಾಜಿನಲ್ಲಿ ದುಡ್ಡು ಸುರಿಯಬೇಕಾದ್ದರಿಂದ ನಿಮ್ಮ ಮಗ ಅಲ್ಲಿ ಸ್ಟಿಯರಿಂಗ್ ಮುಟ್ಟಿರಲಿಕ್ಕಿಲ್ಲ. ವಾಹನ ಎಡಬದಿಯಲ್ಲೇ ಓಡುವುದು, ಅಷ್ಟು ಸಮಾಧಾನ. ಅವನಿಗೆ ಕೈ ಪಳಗುವವರೆಗೆ ನೀವು ಮನೆಯಲ್ಲಿ ಬಂದಿ. ಹತ್ತಿರದ ರೈಲು ನಿಲ್ದಾಣ, ಅಲ್ಲಿಗೆ ಹೋಗುವ ಬಸ್ಸು ಎರಡನ್ನೂ ಮೊದಲ ವಾರವೇ ಕಲಿತುಬಿಡಿ. ಉತ್ತರದ ಮಾರ್ಗ 2024ರಿಂದ ನಗರದ ಉತ್ತರ ತುದಿಯ ಯಾನ್‌ಚೆಪ್‌ವರೆಗೆ ಓಡುತ್ತಿದೆ.

ಫೋನಿನ ಹೊತ್ತು ಬದಲಾಗುವುದಿಲ್ಲ. ಸಿಂಗಪುರ, ಪರ್ತ್ ಎರಡರ ಗಡಿಯಾರವೂ ಒಂದೇ, ನಮಗಿಂತ ಎರಡೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವ ಪದ್ಧತಿಯನ್ನು ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಜನ 1975ರಿಂದ 2009ರವರೆಗೆ ನಾಲ್ಕು ಸಲ ಮತ ಹಾಕಿ ತಳ್ಳಿಹಾಕಿದ್ದಾರೆ. ತಿಂಡಿಯ ವಿಷಯ: ಹಸಿ ಕರಿಬೇವು, ಬಿತ್ತುವಂಥ ಬೀಜ, ಹಾಲಿನ ಸಿಹಿ ಬಿಟ್ಟುಹೋಗಿ. ಹುರಿದ ಕಾಫಿ ಪುಡಿ ಒಯ್ಯಬಹುದು. ಏನೇ ಒಯ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಬುಟ್ಟಿಗೆ ಹಾಕುತ್ತಾರೆ, ಬಚ್ಚಿಟ್ಟರೆ ದಂಡ.

ಇನ್ನು ಯಾರೂ ಕೇಳದ ಒಂದು ಮಾತು. ಮಗ ಮನೆ ಇನ್ನೂ ಹುಡುಕುತ್ತಿದ್ದರೆ ಬಾಗಿಲಿನ ದಿಕ್ಕನ್ನು ಕೇಳುತ್ತೀರಿ, ನನಗೆ ಗೊತ್ತು. ವಾಸ್ತು ಹೇಳುವವರ ಜೊತೆ ಜಗಳ ನನಗೆ ಬೇಡ. ಆದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಪೂರ್ವದಲ್ಲಿ ಹುಟ್ಟಿ, ಉತ್ತರವನ್ನು ಬಳಸಿ, ಪಶ್ಚಿಮದಲ್ಲಿ ಮುಳುಗುತ್ತಾನೆ. (ಹಾಸನದಲ್ಲೂ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಮೂವತ್ತೊಂದು ವರ್ಷದಲ್ಲಿ ಇದನ್ನು ತಾನಾಗಿ ಗಮನಿಸಿ ಬಂದು ಹೇಳಿದವಳು ಒಬ್ಬಳೇ ಹುಡುಗಿ. ಆ ದಿನ ನಾನು ಊಟ ಮರೆತಿದ್ದೆ.) ನಾವು ಮೊದಲ ಸಲ ಹೋದದ್ದೂ ಜೂನ್‌ನಲ್ಲೇ. ಮಗಳ ಬಾಡಿಗೆ ಮನೆಯ ಹಿತ್ತಿಲು ದಕ್ಷಿಣಕ್ಕಿತ್ತು. ಬಟ್ಟೆ ಒಣಹಾಕುವ ತಂತಿಯೂ ಅಲ್ಲೇ. ಆ ತಿಂಗಳು ನಡುಹಗಲಿನಲ್ಲೂ ಸೂರ್ಯ ಏರುವುದು 35 ಡಿಗ್ರಿಯ ಆಸುಪಾಸಿಗಷ್ಟೇ, ಗೋಡೆಯ ಎತ್ತರದ ಒಂದೂವರೆ ಪಟ್ಟು ನೆರಳು ಹಿತ್ತಿಲಿಗೆ ಬೀಳುತ್ತದೆ. ಎರಡು ದಿನ ಸೀರೆ ಒಣಗಲಿಲ್ಲ. ಕಾರಣ ನನಗೆ ಹೊಳೆದದ್ದು ಮೂರನೆಯ ದಿನ. ‘ಭೂಗೋಳದ ಮೇಷ್ಟ್ರು ಮನೆಯಲ್ಲೇ ಇದ್ದರಲ್ಲ’ ಎಂದು ನನ್ನ ಹೆಂಡತಿ ಈಗಲೂ ನೆಂಟರೆದುರು ಹೇಳುತ್ತಾಳೆ. ಆದ್ದರಿಂದ ಬಾಗಿಲು ಎತ್ತಲಾದರೂ ಇರಲಿ, ಕೂರುವ ಕೋಣೆಗೆ ಉತ್ತರದ ಕಿಟಕಿ ಇರುವ ಮನೆ ನೋಡಲು ಹೇಳಿ. ರಾತ್ರಿ ಹೊರಗೆ ಬಂದರೆ ಚಂದ್ರನನ್ನೂ ನೋಡಿ; ಅವನೊಳಗಿನ ಮೊಲ ತಲೆಕೆಳಗಾಗಿರುತ್ತದೆ.

ಹಬ್ಬಗಳದೂ ಇದೇ ಕಥೆ. ಎರಡನೆಯ ಸಲ ನಾವು ಹೋದದ್ದು ಜನವರಿಯಲ್ಲಿ. ಸಂಕ್ರಾಂತಿಯ ದಿನ ಹೊರಗೆ 39 ಡಿಗ್ರಿ. ಉತ್ತರಾಯಣವೆಂದರೆ ನಮಗೆ ಹಗಲು ಬೆಳೆಯುವ ಕಾಲ, ಅಲ್ಲಿ ಹಗಲು ಕುಗ್ಗುವ ಕಾಲ. ಎಳ್ಳಿನ ಜಿಡ್ಡು ಮಾಗಿಗೆ ಒಡೆದ ಚರ್ಮಕ್ಕೆ ಬೇಕು ಎನ್ನುತ್ತಿದ್ದಳು ನಮ್ಮಮ್ಮ. ಮಗಳು ಬೆವರೊರೆಸಿಕೊಳ್ಳುತ್ತ ಎಳ್ಳು–ಬೆಲ್ಲದ ಪೊಟ್ಟಣ ಕಟ್ಟಿದಳು. ಕಾರಿನಲ್ಲಿಟ್ಟಿದ್ದವು ಬೆಲ್ಲ ಕರಗಿ ಉಂಡೆಯಾದವು. ಇದನ್ನು ಜುಲೈನಲ್ಲಿ ಮಾಡಬಾರದೇ ಎಂದೆ. ‘ಪಂಚಾಂಗ ಒಪ್ಪುವುದಿಲ್ಲ ಅಪ್ಪ’ ಎಂದಳು. ನೀವು ಹೇಗೂ ಚಳಿಗಾಲದಲ್ಲೇ ಹೋಗುವವರು, ಒಂದು ಸಲ ಮಾಡಿ ನೋಡಿ. ಎಳ್ಳು ಅಲ್ಲಿಯ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ, ಇಲ್ಲಿಂದ ಹೊರಬೇಡಿ. ಆ ಜಾಗಕ್ಕೆ ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ.