ಕಡ್ಡಿ ಬೇಕು, ಗುಂಟೂರು ಬೇಡ

ಬ್ಯಾಡಗಿಯ ದಲಾಲಿ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ಐದು ವರ್ಷದ 20,000 ಪಟ್ಟಿಗಳು, ಅಂದರೆ ಮಾರಾಟದ ಬಿಲ್ಲುಗಳು, ಇವೆ ಎಂದಿಟ್ಟುಕೊಳ್ಳಿ. ಕುಂದಗೋಳದ ರೈತರೊಬ್ಬರು ಬಂದು, "ಹ್ವಾದ ಫೆಬ್ರವರಿಯೊಳಗ ಕಡ್ಡಿ ಮಾಲು ಹಾಕಿದ್ನೆಲ್ರಿ, ಅದರ ಪಟ್ಟಿ ತಗೀರಿ" ಅನ್ನುತ್ತಾರೆ. ಕಡ್ಡಿ, ಗುಂಟೂರು ಎರಡೂ ಮೆಣಸಿನಕಾಯಿಯ ಬಗೆಗಳು. ಹುಡುಕುವ ಜಾಗದಲ್ಲಿ "ಮೆಣಸಿನಕಾಯಿ" ಎಂದು ಹೊಡೆದರೆ ಹೆಚ್ಚುಕಡಿಮೆ ಎಲ್ಲ ಪಟ್ಟಿಗಳೂ ಎದ್ದು ಬರುತ್ತವೆ. ಮೆಣಸಿನಕಾಯಿ ಪೇಟೆಯಲ್ಲಿ ಆ ಪದ ಯಾವುದನ್ನೂ ಬೇರೆ ಮಾಡುವುದಿಲ್ಲ.

ದೊಡ್ಡ ದಾಖಲೆ ಸಂಗ್ರಹವಿರುವ ತಂತ್ರಾಂಶಗಳು ಸಾಮಾನ್ಯವಾಗಿ ಪ್ರತಿ ಸಲವೂ ಎಲ್ಲ ಬಿಲ್ಲು ಓದುವುದಿಲ್ಲ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಯಾವ ಪದ ಯಾವ ಯಾವ ದಾಖಲೆಯಲ್ಲಿದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರುತ್ತವೆ. "ಕಡ್ಡಿ" 9,000 ಪಟ್ಟಿಗಳಲ್ಲಿ, "ಕುಂದಗೋಳ" 400ರಲ್ಲಿ ಇದ್ದರೆ, ಚಿಕ್ಕ ಸಾಲನ್ನು ಹಿಡಿದು ಆ 400ರಲ್ಲಿ ಕಡ್ಡಿ ಎಲ್ಲೆಲ್ಲಿದೆ ಎಂದಷ್ಟೇ ನೋಡಿದರೆ ಸಾಕು. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂದು ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ತೋರಿಸಿದರು. ಇಂದಿಗೂ ಹುಡುಕಾಟದ ತಂತ್ರಾಂಶಗಳು ಅದನ್ನು ನೆಚ್ಚಿಕೊಂಡಿವೆ. ನಾವೂ ಹಾಗೇ ಮಾಡಬೇಕು: ಮೊದಲು ಊರು, ಆಮೇಲೆ ತಳಿ, ಕೊನೆಗೆ ತಿಂಗಳು.

ಎರಡನೇ ಪದ ಸೇರಿಸಿದಾಗ ಸಿಕ್ಕವುಗಳ ಸಂಖ್ಯೆ ಇಳಿಯಬೇಕು. ಏರಿದರೆ, ನಿಮ್ಮ ತಂತ್ರಾಂಶ ನಡುವಿನ ಖಾಲಿ ಜಾಗವನ್ನು "ಇದಾದರೂ ಸರಿ, ಅದಾದರೂ ಸರಿ" ಎಂದು ಓದುತ್ತಿದೆ. "ಎಲ್ಲ ಪದಗಳೂ ಇರಲಿ" ಎಂಬ ಆಯ್ಕೆ ಇದೆಯೇ ಎಂದು ಹುಡುಕಿ ಅದನ್ನು ಒತ್ತಿ.

ಉದ್ಧರಣ ಚಿಹ್ನೆಗೆ ಅವಕಾಶವಿದ್ದರೆ ಬಿಡಬೇಡಿ. ಚಿಹ್ನೆಯಿಲ್ಲದೆ ಹಳೆ ಹುಬ್ಬಳ್ಳಿ ಎಂದು ಹೊಡೆದರೆ "ಹಳೆ ಬಾಕಿ" ಒಂದು ಕಡೆ, "ಹುಬ್ಬಳ್ಳಿ" ಇನ್ನೊಂದು ಕಡೆ ಇರುವ ಬಿಲ್ಲೂ ಬರುತ್ತದೆ. ಚಿಹ್ನೆಯೊಳಗಿಟ್ಟರೆ ಎರಡೂ ಒಟ್ಟಿಗಿರುವುದು ಮಾತ್ರ. ಬೇಡವಾದ ಪದದ ಮುಂದೆ, ಜಾಗ ಬಿಡದೆ, ಕಳೆಯುವ ಚಿಹ್ನೆ: -ಗುಂಟೂರು. ಆದರೆ ಒಂದೇ ಪಟ್ಟಿಯಲ್ಲಿ ಕಡ್ಡಿಯೂ ಗುಂಟೂರೂ ಇದ್ದರೆ ಅದೂ ಮಾಯವಾಗುತ್ತದೆ. ಹಾಗಾಗಿ ಕಳೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ನಿಜವಾದ ತೊಡಕು ವಿಭಕ್ತಿಯದು. ಪೂರ್ತಿ ಪದವನ್ನೇ ಹೋಲಿಸುವ ತಂತ್ರಾಂಶಕ್ಕೆ "ಗದಗ", "ಗದಗಿನ", "ಗದಗಕ್ಕೆ" ಮೂರು ಬೇರೆ ಪದಗಳು. ಪದದ ಆರಂಭವನ್ನು ಹೋಲಿಸುವಂಥದ್ದಾದರೆ "ಗದಗ" ಎಂದರೆ ಮೂರೂ ಸಿಗುತ್ತವೆ. ಏಕೆಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕಾಗುಣಿತದ ಚಿಹ್ನೆ ವ್ಯಂಜನದ ನಂತರ ಬೇರೆಯಾಗಿ ಕೂರುತ್ತದೆ. ಇದೇ ಕಾರಣಕ್ಕೆ "ಬ್ಯಾಡ" ಎಂದರೆ ಬ್ಯಾಡಗಿಯೂ ಬ್ಯಾಡ್ಗಿಯೂ, "ಹುಬ್" ಎಂದರೆ ಹುಬ್ಬಳ್ಳಿಯೂ ಹುಬ್ಳಿಯೂ ಬಲೆಗೆ ಬೀಳುತ್ತವೆ. "ಊರು" ಎಂದು ಹೊಡೆದರೆ "ಊರಿಗೆ" ಸಿಗದು, "ಊರ" ಎನ್ನಬೇಕು. ತೀರಾ ಮೊಟಕು ಮಾಡಬಾರದು: "ಕಡ" ಎಂದರೆ ಕಡ್ಡಿಯ ಜೊತೆ ಕಡಲೆಯೂ ಬರುತ್ತದೆ.

ಕಣ್ಣೆದುರು ಇರುವ ಪದವೇ ಸಿಗುತ್ತಿಲ್ಲವೆಂದರೆ ಅಕ್ಷರದ ಒಳಗೆ ನೋಡಿ. "ನುಡಿ" ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಕಡತವಾದರೆ ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕಾಟ ಸಾಗದು. ಇದಕ್ಕಿಂತ ಮೋಸದ್ದು ಸೊನ್ನೆ. "ಕುಂದಗೋಳ" ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಬಿದ್ದರೆ "ಕು೦ದಗೋಳ" ಆಗುತ್ತದೆ. ಕಣ್ಣಿಗೆ ಅಂಥ ವ್ಯತ್ಯಾಸವಿಲ್ಲ. ಕಂಪ್ಯೂಟರಿಗೆ ಒಂದು 3202, ಇನ್ನೊಂದು 3302ನೇ ಸಂಕೇತ. ತಿದ್ದುವ ಮೊದಲು ಕಡತದ ನಕಲು ತೆಗೆದಿಡಿ. ಎಲ್ಲ ಸೊನ್ನೆಗಳನ್ನೂ ಒಂದೇ ಏಟಿಗೆ ಬದಲಿಸಬೇಡಿ; ಅಕ್ಷರದ ಬೆನ್ನಿಗೆ ಅಂಟಿದವನ್ನು ಮಾತ್ರ ಬದಲಿಸಿ. ಇಲ್ಲವಾದರೆ ಕನ್ನಡ ಅಂಕಿಯಲ್ಲಿ ಬರೆದ ೫೦೦ ರೂಪಾಯಿ "೫ಂಂ" ಆಗಿ ಕೂರುತ್ತದೆ.